ಸಕ್ಕರೆ ಬಿಟ್ಟರೂ ತೂಕ ಇಳಿಯುತ್ತಿಲ್ಲವೇ? ಅಳತೆಯಿಂದ ಶುರುಮಾಡುವ ಕ್ರಮ

ಕಾಫಿಗೆ ಸಕ್ಕರೆ ಹಾಕುವುದು ಬಿಟ್ಟು ಎರಡು ತಿಂಗಳಾಯಿತು, ದಿನಾ ಬೆಳಗ್ಗೆ ವಾಕಿಂಗ್ ತಪ್ಪಿಸುವುದಿಲ್ಲ, ಆದರೂ ತೂಕ ಇದ್ದಲ್ಲೇ ಇದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಸೋಮಾರಿಗಳೂ ಅಲ್ಲ, ಬಾಯಿಚಪಲದವರೂ ಅಲ್ಲ. ಕೆಲಸದ ಕ್ರಮವನ್ನು ತಲೆಕೆಳಗು ಮಾಡಿಕೊಂಡವರು, ಅಷ್ಟೇ. ಮೊದಲ ದಿನವೇ ಅನ್ನ ಬಿಡುತ್ತಾರೆ, ಎರಡನೇ ದಿನ ಒಂದು ಗಂಟೆ ಓಡುತ್ತಾರೆ, ಹತ್ತನೇ ದಿನ ಸುಸ್ತಾಗಿ ಎಲ್ಲವನ್ನೂ ಕೈಬಿಡುತ್ತಾರೆ. ಈ ಹತ್ತು ದಿನದಲ್ಲಿ ಒಗ್ಗರಣೆಗೆ ಎಷ್ಟು ಎಣ್ಣೆ ಬಿತ್ತು, ಹುಳಿಗೆ ಎಷ್ಟು ಕಾಯಿ ರುಬ್ಬಿದರು ಎಂದು ಯಾರೂ ಅಳೆದಿರುವುದಿಲ್ಲ.

ಇಲ್ಲಿರುವ ಕ್ರಮ ಹೀಗಿದೆ: ಮೊದಲು ಅಳೆಯುವುದು, ಆಮೇಲೆ ಸಕ್ಕರೆ, ಆಮೇಲೆ ಒಟ್ಟು ಕ್ಯಾಲರಿ, ಕೊನೆಗೆ ವ್ಯಾಯಾಮ. ಒಂದು ಹಂತ ಅಭ್ಯಾಸವಾಗದೆ ಮುಂದಿನದಕ್ಕೆ ಕೈಹಾಕಬೇಡಿ. ಲೇಖನದಲ್ಲಿ ಕ್ಯಾಲರಿ ಎಂದಾಗಲೆಲ್ಲ ಪ್ಯಾಕೆಟ್ ಮೇಲೆ ಬರೆದಿರುವ ಕಿಲೋಕ್ಯಾಲರಿ ಎಂದೇ ತಿಳಿಯಿರಿ.

## ಶುರುಮಾಡುವ ಮುನ್ನ: ಯಾರು ವೈದ್ಯರನ್ನು ಕೇಳಲೇಬೇಕು

ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು, 18 ವರ್ಷದೊಳಗಿನವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇರುವವರು, ಹಿಂದೆ ಊಟ ಬಿಟ್ಟು ಕಾಯಿಲೆ ಬಿದ್ದವರು ಈ ಲೆಕ್ಕವನ್ನು ತಾವಾಗಿ ಶುರುಮಾಡಬಾರದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಮಾತ್ರೆ ನುಂಗುವವರು ಇನ್ನೂ ಎಚ್ಚರ ವಹಿಸಬೇಕು. ಊಟ ಕಡಿಮೆಯಾಗಿ ಮಾತ್ರೆಯ ಪ್ರಮಾಣ ಹಾಗೇ ಉಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಕೈ ನಡುಕ, ತಣ್ಣನೆಯ ಬೆವರು, ಎದೆ ಡವಗುಟ್ಟುವುದು, ಮಾತು ತೊದಲುವುದು ಇದರ ಲಕ್ಷಣ. ಹಾಗಾದಾಗ ತೂಕದ ಯೋಚನೆ ಬಿಟ್ಟು 3 ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಊಟದ ಕಡಿತ ಶುರುಮಾಡುವ ಮೊದಲೇ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರ ಹತ್ತಿರ ಮಾತಾಡಿ.

ಇಳಿಸುವ ಅಗತ್ಯ ಇದೆಯೇ ಎಂದೂ ನೋಡಿಕೊಳ್ಳಿ. ಭಾರತೀಯರಿಗೆ ಬಿಎಂಐ (ಕಿಲೋ ತೂಕವನ್ನು ಮೀಟರಿನಲ್ಲಿ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಅಂಕಿ) 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಬಾರದು. ಕೈಕಾಲು ಸಣಕಲಾಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿದ್ದರೆ ಬಿಎಂಐಗಿಂತ ಈ ಸುತ್ತಳತೆಯನ್ನೇ ನಂಬಿ.

## ಬೇಕಾದ ಸಾಮಾನು

ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು, 5 ಕಿಲೋವರೆಗೆ ತೂಗುವಂಥದ್ದು, 1 ಗ್ರಾಂ ವ್ಯತ್ಯಾಸ ತೋರಿಸುವಂಥದ್ದು. 5 ಮಿ.ಲೀ. ಮತ್ತು 15 ಮಿ.ಲೀ. ಅಳತೆ ಚಮಚಗಳು. ದೇಹದ ತೂಕದ ಯಂತ್ರ, ದರ್ಜಿಯ ಟೇಪು, ಒಂದು ನೋಟ್‌ಬುಕ್. ಮೊಬೈಲ್ ಆ್ಯಪ್ ಬಳಸುವುದಾದರೆ ಬಳಸಿ, ಆದರೆ ಅದರಲ್ಲಿ ‘ಸಾಂಬಾರ್ ಒಂದು ಬಟ್ಟಲು’ ಎಂದು ತೋರಿಸುವ ಅಂಕಿ ನಿಮ್ಮ ಮನೆಯ ಸಾಂಬಾರಿನದಲ್ಲ. ಬಿಡಿ ಪದಾರ್ಥಗಳ ಅಂಕಿಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಪಟ್ಟಿ ನಂಬಿಕೆಗೆ ಅರ್ಹ.

ತಕ್ಕಡಿ ಇಲ್ಲದೆ ಕಣ್ಣಳತೆಯಲ್ಲಿ ಮಾಡುತ್ತೇನೆ ಎನ್ನುವವರೇ ಹೆಚ್ಚು ಸೋಲುವುದು. ಮನೆಯ ಊಟದ ಚಮಚದಲ್ಲಿ ಗೋಪುರವಾಗಿ ತುಂಬಿದ ಸಕ್ಕರೆ 6-7 ಗ್ರಾಂ ಬರುತ್ತದೆ, ಮಟ್ಟ ಮಾಡಿದ 5 ಮಿ.ಲೀ. ಅಳತೆ ಚಮಚದಲ್ಲಿ 4 ಗ್ರಾಂ. ಒಂದೇ ‘ಚಮಚ’ದಲ್ಲಿ ಇಷ್ಟು ಅಂತರ ಇರುವಾಗ ‘ಒಂದು ಸೌಟು’, ‘ಒಂದು ಹಿಡಿ’ಗಳ ಗತಿ ಏನು!

## ಹಂತ 1: ಏಳು ದಿನ ಏನನ್ನೂ ಬದಲಿಸದೆ ಬರೆಯಿರಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಒಂದು ವಾರ ಎಂದಿನಂತೆ ತಿನ್ನಿ, ಎಂದಿನಂತೆ ಇರಿ. ಬಾಯಿಗೆ ಹೋದದ್ದನ್ನೆಲ್ಲ ತಿನ್ನುವ ಮುಂಚೆಯೇ ಬರೆಯಿರಿ. ರಾತ್ರಿ ಕೂತು ನೆನಪಿನಿಂದ ಬರೆದರೆ ಮಗು ತಟ್ಟೆಯಲ್ಲಿ ಬಿಟ್ಟ ಅರ್ಧ ದೋಸೆ, ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕು, ಅಡುಗೆ ಮಾಡುತ್ತ ಬಾಯಿಗೆ ಹಾಕಿಕೊಂಡ ಕಡಲೆಬೀಜ ತಪ್ಪಿಹೋಗುತ್ತವೆ. ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಬೀಜದಲ್ಲೇ 160 ಕ್ಯಾಲರಿ ಇದೆ.

ಜೊತೆಗೆ ಮನೆಯ ಪಡಿ ಲೆಕ್ಕ ಹಾಕಿ. ಇದು ನೆನಪಿಗಿಂತ ಪ್ರಾಮಾಣಿಕ. ತಿಂಗಳಿಗೆ ಎಷ್ಟು ಎಣ್ಣೆ, ಎಷ್ಟು ಸಕ್ಕರೆ ಮತ್ತು ಬೆಲ್ಲ ಖರ್ಚಾಗುತ್ತದೆ ಎಂದು ದಿನಸಿ ಚೀಟಿ ನೋಡಿ. 1 ಲೀಟರ್ ಎಣ್ಣೆಯ ತೂಕ ಸುಮಾರು 910 ಗ್ರಾಂ, ಅದರಲ್ಲಿ ಸುಮಾರು 8,200 ಕ್ಯಾಲರಿ. ನಾಲ್ವರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಮುಗಿದರೆ ಒಬ್ಬೊಬ್ಬರ ಹೊಟ್ಟೆಗೆ ದಿನಕ್ಕೆ ಸುಮಾರು 340 ಕ್ಯಾಲರಿ ಎಣ್ಣೆಯಿಂದಲೇ ಹೋಗುತ್ತಿದೆ. 4 ಕಿಲೋ ಸಕ್ಕರೆ ಮುಗಿದರೆ ತಲೆಗೆ ದಿನಕ್ಕೆ 33 ಗ್ರಾಂ, ಅಂದರೆ 130 ಕ್ಯಾಲರಿ. ತುಪ್ಪ, ಬಿಸ್ಕತ್ತು, ಹೊರಗಿನ ತಿಂಡಿ ಇದರ ಮೇಲೆ.

ವಾರದ ಕೊನೆಗೆ ನಿಮ್ಮ ನೋಟ್‌ಬುಕ್ ಓದಿದರೆ ಎಲ್ಲಿ ಸೋರುತ್ತಿದೆ ಎಂದು ನಿಮಗೇ ಕಾಣುತ್ತದೆ. ಕೆಲವರಿಗೆ ಅದು ಸಕ್ಕರೆ, ಕೆಲವರಿಗೆ ಎಣ್ಣೆ, ಕೆಲವರಿಗೆ ಸಂಜೆ ಐದರ ಕುರುಕಲು. ಸೋರುವ ಜಾಗ ಬೇರೆ ಇದ್ದು, ಸಕ್ಕರೆಯೊಂದನ್ನೇ ಬಿಟ್ಟು ಕೂತರೆ ಮುಳ್ಳು ಅಲುಗುವುದಿಲ್ಲ.

## ಹಂತ 2: ಸಕ್ಕರೆಯನ್ನು ಮೂರು ವಾರದಲ್ಲಿ ಇಳಿಸಿ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಇದು: ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಕ್ಯಾಲರಿಯ ನೂರಕ್ಕೆ 10 ಭಾಗ ಮೀರಬಾರದು, 5 ಭಾಗದೊಳಗಿದ್ದರೆ ಇನ್ನೂ ಒಳ್ಳೆಯದು. 2,000 ಕ್ಯಾಲರಿ ತಿನ್ನುವವರಿಗೆ ಈ ಐದು ಭಾಗ ಎಂದರೆ 25 ಗ್ರಾಂ. ದಿನಕ್ಕೆ ನಾಲ್ಕು ಲೋಟ ಕಾಫಿ, ತಲಾ ಎರಡು ತುಂಬು ಚಮಚ ಎಂದರೆ ಅಲ್ಲಿಗೇ 48 ಗ್ರಾಂ ಆಯಿತು.

ಮೊದಲ ವಾರ ಲೋಟಕ್ಕೆ ಒಂದೂವರೆ ಚಮಚ, ಎರಡನೇ ವಾರ ಒಂದು, ಮೂರನೇ ವಾರ ಅರ್ಧ, ಆಮೇಲೆ ಸೊನ್ನೆ. ಒಂದೇ ದಿನ ಪೂರ್ತಿ ನಿಲ್ಲಿಸಿದವರು ಎರಡು ವಾರ ಹಲ್ಲು ಕಚ್ಚಿಕೊಂಡಿದ್ದು, ಮದುವೆಮನೆಯಲ್ಲಿ ಒಂದು ಲೋಟ ಕುಡಿದ ಕೂಡಲೇ ಹಳೆಯ ದಾರಿಗೆ ಮರಳುವುದುಂಟು. ನಾಲಿಗೆ ಮೆಲ್ಲಗೆ ಹೊಂದಿಕೊಂಡರೆ ಹಳೆಯ ಸಿಹಿಯೇ ಅತಿಯಾಯಿತು ಅನ್ನಿಸತೊಡಗುತ್ತದೆ. ಸಕ್ಕರೆ ಇಲ್ಲದ ಕಾಫಿ ಬರೀ ಕಹಿ ಎನಿಸಿದರೆ ಡಿಕಾಕ್ಷನ್ ತೆಳು ಮಾಡಿ ಅಥವಾ ಚಿಕೋರಿ ಕಡಿಮೆ ಇರುವ ಪುಡಿಗೆ ಬದಲಾಯಿಸಿ. ಹಾಲು ಹೆಚ್ಚಿಸಿ ಕಹಿ ಮುಚ್ಚುವವರು ಸಕ್ಕರೆಯಲ್ಲಿ ಉಳಿಸಿದ ಕ್ಯಾಲರಿಯನ್ನು ಹಾಲಿನಲ್ಲಿ ಕಳೆದುಕೊಳ್ಳುತ್ತಾರೆ. ಟೋನ್ಡ್ ಹಾಲಿಗೆ 100 ಮಿ.ಲೀ.ಗೆ ಸುಮಾರು 60 ಕ್ಯಾಲರಿ, ಗಟ್ಟಿ ಹಾಲಿಗೆ ಅದಕ್ಕಿಂತ ಬಹಳ ಹೆಚ್ಚು.

ಬೆಲ್ಲದ ಭ್ರಮೆ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ, ಜೇನಿನ ನೀರು ಶುರುಮಾಡುವುದು ನಮ್ಮಲ್ಲಿ ಅತಿ ಸಾಮಾನ್ಯ ತಪ್ಪು. ಬೆಲ್ಲದಲ್ಲಿ ಕಬ್ಬಿಣದಂಥ ಖನಿಜಗಳ ಅಂಶ ಚೂರು ಇದೆ ನಿಜ, ಕ್ಯಾಲರಿ ಮಾತ್ರ 100 ಗ್ರಾಂಗೆ 350ರಿಂದ 380. ಸಕ್ಕರೆಯದು 400. ಸಿಹಿ ಸ್ವಲ್ಪ ಕಡಿಮೆಯೆಂದು ಬೆಲ್ಲ ಹೆಚ್ಚು ಹಾಕುವುದರಿಂದ ಲೆಕ್ಕ ಸಮವೇ ಆಗಿಬಿಡುತ್ತದೆ. ಆದರೆ ಆರು ಮಂದಿಯ ಸಾರಿಗೆ ಬೀಳುವ ಒಂದು ಚೂರು ಬೆಲ್ಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 10 ಗ್ರಾಂ ಹಾಕಿದರೂ ಒಬ್ಬರ ಪಾಲಿಗೆ 6-7 ಕ್ಯಾಲರಿ ಬರುತ್ತದೆ. ಉಡುಪಿ ಕಡೆಯ ಸಾರಿನ ರುಚಿಯನ್ನು ಅಷ್ಟಕ್ಕೆ ಕೊಲ್ಲಬೇಕಾಗಿಲ್ಲ.

ಅಡಗಿರುವ ಸಕ್ಕರೆ. ಪ್ಯಾಕೆಟ್ ಹಿಂಬದಿಯಲ್ಲಿ ‘ಒಟ್ಟು ಸಕ್ಕರೆ’, ‘ಸೇರಿಸಿದ ಸಕ್ಕರೆ’ ಎಂಬ ಎರಡು ಸಾಲು ಹುಡುಕಿ. ಸೇರಿಸಿದ ಸಕ್ಕರೆಯೇ ನಿಮಗೆ ಬೇಕಾದ ಅಂಕಿ. ಪದಾರ್ಥಗಳ ಪಟ್ಟಿಯಲ್ಲಿ ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಮಾಲ್ಟ್ ಸಾರ ಎಂದಿದ್ದರೆ ಅವೆಲ್ಲ ಸಕ್ಕರೆಯ ಬೇರೆ ಬೇರೆ ಹೆಸರುಗಳು. ಮಾಲ್ಟೋಡೆಕ್ಸ್‌ಟ್ರಿನ್ ಸಿಹಿ ಇಲ್ಲದಿದ್ದರೂ ರಕ್ತಕ್ಕೆ ಸಕ್ಕರೆಯಂತೆಯೇ ಬೇಗ ಇಳಿಯುತ್ತದೆ. ಹಾಲಿಗೆ ಬೆರೆಸುವ ಮಾಲ್ಟ್ ಪುಡಿ, ಟೊಮೆಟೊ ಸಾಸ್, ಬ್ರೆಡ್, ‘ಡೈಜೆಸ್ಟಿವ್’ ಹೆಸರಿನ ಬಿಸ್ಕತ್ತು, ಹಣ್ಣಿನ ರುಚಿಯ ಮೊಸರು ಇವುಗಳ ಪ್ಯಾಕೆಟ್ ಓದದೆ ಕೊಳ್ಳಬೇಡಿ. ಬಾಟಲಿಯ ಕೋಲಾದಲ್ಲಿ 100 ಮಿ.ಲೀ.ಗೆ 10-11 ಗ್ರಾಂ ಸಕ್ಕರೆ ಇರುತ್ತದೆ. 300 ಮಿ.ಲೀ. ಕುಡಿದರೆ ದಿನದ 25 ಗ್ರಾಂ ಮುಗಿದು ಇನ್ನೂ ಮೇಲಾಯಿತು.

ಹಣ್ಣನ್ನು ಬಿಡಬೇಡಿ, ಜ್ಯೂಸ್ ಬಿಡಿ. ಒಂದು ಕಿತ್ತಳೆ ತಿಂದರೆ ಹೊಟ್ಟೆಗೆ ಗೊತ್ತಾಗುತ್ತದೆ. ನಾಲ್ಕು ಕಿತ್ತಳೆಯ ರಸ ಎರಡು ನಿಮಿಷದಲ್ಲಿ ಇಳಿದುಹೋಗಿ ಹಸಿವು ಹಾಗೇ ಇರುತ್ತದೆ. ಸಿಹಿ ಮಾತ್ರೆ, ಸಕ್ಕರೆ ಬದಲಿ ಪುಡಿಗಳನ್ನು ತೂಕ ಇಳಿಸುವ ಉಪಾಯವಾಗಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಅವು ನಾಲಿಗೆಯ ಸಿಹಿ ಹಂಬಲವನ್ನು ಜೀವಂತ ಇಡುತ್ತವೆ ಎಂಬುದೇ ನಮಗೆ ದೊಡ್ಡ ಅಡ್ಡಿ.

ಮೊದಲ ನಾಲ್ಕೈದು ದಿನ ತಲೆಭಾರ, ಸಿಡುಕು ಬರಬಹುದು. ಸಕ್ಕರೆ ಬಿಡುವ ನೆಪದಲ್ಲಿ ಕಾಫಿಯನ್ನೂ ಒಟ್ಟಿಗೆ ಬಿಟ್ಟರೆ ತಲೆನೋವು ಹೆಚ್ಚಾಗುತ್ತದೆ. ಎರಡನ್ನೂ ಒಂದೇ ವಾರ ಬಿಡಬೇಡಿ.

## ಹಂತ 3: ನಿಮ್ಮ ದಿನದ ಲೆಕ್ಕ ಕಂಡುಹಿಡಿಯಿರಿ

ದೇಹ ಸುಮ್ಮನೆ ಮಲಗಿದ್ದರೂ ಖರ್ಚು ಮಾಡುವ ಕ್ಯಾಲರಿಯನ್ನು ಮಿಫ್ಲಿನ್-ಸೇಂಟ್ ಜಿಯೋರ್ ಸೂತ್ರದಿಂದ ಅಂದಾಜು ಮಾಡಬಹುದು:

ತೂಕ (ಕಿಲೋ) × 10, ಅದಕ್ಕೆ ಎತ್ತರ (ಸೆಂ.ಮೀ.) × 6.25 ಕೂಡಿಸಿ, ವಯಸ್ಸು × 5 ಕಳೆಯಿರಿ. ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ.

ಬಂದದ್ದನ್ನು ದಿನವಿಡೀ ಕೂತು ಕೆಲಸ ಮಾಡುವವರು 1.2ರಿಂದ, ಮನೆಗೆಲಸ ಅಥವಾ ನಿಂತು ಓಡಾಡುವ ಕೆಲಸ ಇರುವವರು 1.375ರಿಂದ ಗುಣಿಸಿ. ಹೊಲದಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು.

ಉದಾಹರಣೆಗೆ 38 ವರ್ಷದ, 158 ಸೆಂ.ಮೀ. ಎತ್ತರದ, 72 ಕಿಲೋ ತೂಕದ ಗೃಹಿಣಿಯ ಲೆಕ್ಕ: 720 + 987 − 190 − 161 = 1,356. ಇದನ್ನು 1.375ರಿಂದ ಗುಣಿಸಿದರೆ ಸುಮಾರು 1,865. ಇಷ್ಟು ತಿಂದರೆ ತೂಕ ಇದ್ದಲ್ಲೇ ನಿಲ್ಲುತ್ತದೆ. ದಿನಕ್ಕೆ 400 ಕಡಿಮೆ ಮಾಡಿ 1,450ರ ಆಸುಪಾಸಿಗೆ ಇಟ್ಟುಕೊಂಡರೆ ವಾರಕ್ಕೆ 2,800 ಕ್ಯಾಲರಿ ಕೊರತೆ ಆಗುತ್ತದೆ. 1 ಕಿಲೋ ಕೊಬ್ಬಿಗೆ ಸುಮಾರು 7,700 ಕ್ಯಾಲರಿ ಎಂದು ಹಿಡಿದರೆ ವಾರಕ್ಕೆ 350 ಗ್ರಾಂ ಇಳಿಕೆ. ತಿಂಗಳಿಗೆ ಒಂದೂವರೆ ಕಿಲೋ. ಇದು ನಿಧಾನ ಅನ್ನಿಸಿದರೂ ಇದೇ ಉಳಿಯುವ ಇಳಿಕೆ.

ಕೊರತೆ 300ರಿಂದ 500ರ ನಡುವೆ ಇರಲಿ. ಹೆಂಗಸರು 1,200ಕ್ಕಿಂತ, ಗಂಡಸರು 1,500ಕ್ಕಿಂತ ಕೆಳಗೆ ವೈದ್ಯರ ಉಸ್ತುವಾರಿ ಇಲ್ಲದೆ ಹೋಗಬಾರದು. ಕಡಿಮೆ ತಿಂದಷ್ಟೂ ಬೇಗ ಇಳಿಯುತ್ತದೆ ಎಂದು 900ಕ್ಕೆ ಇಳಿದವರಿಗೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಎರಡು-ಮೂರು ತಿಂಗಳಾದ ಮೇಲೆ ಬಾಚಣಿಗೆಯಲ್ಲಿ ಕೂದಲು ಕಾಣಿಸಿಕೊಳ್ಳುತ್ತದೆ.

ಸೂತ್ರ ಒಂದು ಅಂದಾಜು ಮಾತ್ರ, ನೂರಿನ್ನೂರು ಕ್ಯಾಲರಿ ಆಚೀಚೆ ಆಗಬಹುದು. ಮೂರು ವಾರದ ನಿಮ್ಮದೇ ತೂಕದ ದಾಖಲೆ ಅದನ್ನು ತಿದ್ದುತ್ತದೆ.

## ಹಂತ 4: ಒಂದೇ ಪಾತ್ರೆಯ ಅಡುಗೆಯನ್ನು ಎಣಿಸುವುದು

ಕ್ಯಾಲರಿ ಎಣಿಕೆ ನಮ್ಮ ಮನೆಗಳಲ್ಲಿ ಮುರಿದುಬೀಳುವುದು ಇಲ್ಲೇ. ಐದು ಜನಕ್ಕೆ ಒಂದೇ ಪಾತ್ರೆಯಲ್ಲಿ ಹುಳಿ, ಅದರಿಂದ ಎರಡು ಸೌಟು ನಿಮಗೆ. ಅದನ್ನು ಎಣಿಸುವುದು ಹೇಗೆ? ಕಷ್ಟವೇನಿಲ್ಲ, ಕ್ರಮ ಗೊತ್ತಿರಬೇಕು.

1. ದಿನಾ ಬಳಸುವ ನಾಲ್ಕೈದು ಪಾತ್ರೆ, ಕುಕ್ಕರ್, ಬಾಣಲೆಗಳನ್ನು ಖಾಲಿ ಇರುವಾಗ ಒಮ್ಮೆ ತೂಗಿ, ಚೀಟಿ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ. ಇದು ಒಂದೇ ಸಲದ ಕೆಲಸ.
2. ಪಾತ್ರೆಗೆ ಹಾಕುವ ಪದಾರ್ಥಗಳನ್ನು ಹಸಿಯಾಗಿರುವಾಗಲೇ ತೂಗಿ. ಬೇಳೆ, ಎಣ್ಣೆ, ಕಾಯಿ ಈ ಮೂರನ್ನು ತಪ್ಪದೆ. ಸೊಪ್ಪು, ಸೌತೆ, ಹುಣಸೆ, ಮಸಾಲೆ ಪುಡಿಯಲ್ಲಿ ಹತ್ತಿಪ್ಪತ್ತು ಕ್ಯಾಲರಿ ತಪ್ಪಿದರೆ ಚಿಂತೆ ಇಲ್ಲ.
3. ಅಡುಗೆ ಮುಗಿದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ.
4. ಒಟ್ಟು ಕ್ಯಾಲರಿಯನ್ನು ಅಡುಗೆಯ ತೂಕದಿಂದ ಭಾಗಿಸಿ 100ರಿಂದ ಗುಣಿಸಿ. 100 ಗ್ರಾಂ ಹುಳಿಗೆ ಎಷ್ಟು ಎಂದು ಸಿಗುತ್ತದೆ.
5. ನಿಮ್ಮ ಬಟ್ಟಲನ್ನು ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ, ಬಡಿಸಿಕೊಳ್ಳಿ.

ಒಂದು ಮಾದರಿ: ತೊಗರಿಬೇಳೆ 150 ಗ್ರಾಂ (500 ಕ್ಯಾಲರಿ), ಎಣ್ಣೆ 2 ದೊಡ್ಡ ಚಮಚ (245), ಹಸಿ ಕಾಯಿತುರಿ 60 ಗ್ರಾಂ (225), ತರಕಾರಿ 400 ಗ್ರಾಂ (120). ಒಟ್ಟು 1,090. ಹುಳಿ 1,800 ಗ್ರಾಂ ಆಯಿತು ಎಂದರೆ 100 ಗ್ರಾಂಗೆ 60 ಕ್ಯಾಲರಿ. ಎಣ್ಣೆಯನ್ನೂ ಕಾಯನ್ನೂ ಅರ್ಧ ಮಾಡಿದರೆ ಅದೇ ಹುಳಿ 47ಕ್ಕೆ ಬರುತ್ತದೆ, ಬೇಳೆಯ ಪ್ರೋಟೀನ್ ಚೂರೂ ಕಡಿಮೆಯಾಗದೆ. ಗೃಹಿಣಿಯರು ಇಲ್ಲಿ ನನ್ನೊಬ್ಬಳ ಡಯಟ್‌ಗೆ ಬೇರೆ ಅಡುಗೆ ಮಾಡಬೇಕಲ್ಲ ಎಂದು ಹಿಂಜರಿಯುತ್ತಾರೆ. ಬೇರೆ ಪಾತ್ರೆ ಬೇಕಿಲ್ಲ, ಮನೆಮಂದಿಗೆಲ್ಲ ಇದೇ ಒಳ್ಳೆಯದು.

ಅನ್ನಕ್ಕೂ ಇದೇ ವಿಧಾನ. 300 ಗ್ರಾಂ ಅಕ್ಕಿ (1,050 ಕ್ಯಾಲರಿ) ಬೆಂದಾಗ 800 ಗ್ರಾಂ ಆದರೆ 100 ಗ್ರಾಂ ಅನ್ನಕ್ಕೆ 130. ಹಸಿ ತೂಕದ ಅಂಕಿಯನ್ನು ಬೆಂದ ತೂಕಕ್ಕೆ ಹಾಕುವುದು ಹೊಸಬರ ನಿತ್ಯದ ತಪ್ಪು. ಅಕ್ಕಿಯ 350ನ್ನು ಅನ್ನಕ್ಕೆ ಬರೆದು ಗಾಬರಿಯಾಗಿ ಊಟ ಬಿಡುವವರಿದ್ದಾರೆ, ಅನ್ನದ 130ನ್ನು ಅಕ್ಕಿಗೆ ಬರೆದು ಮೂರುಪಟ್ಟು ತಿನ್ನುವವರೂ ಇದ್ದಾರೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಕೆಲವು ಅಂಕಿಗಳು:

- ರಾಗಿಹಿಟ್ಟು 100 ಗ್ರಾಂ: 320. ಮಧ್ಯಮ ಗಾತ್ರದ ಮುದ್ದೆಗೆ 70-80 ಗ್ರಾಂ ಹಿಟ್ಟು ಹೋಗುತ್ತದೆ, ಅಂದರೆ 225-260.
- ಜೋಳದ ರೊಟ್ಟಿ, 40 ಗ್ರಾಂ ಹಿಟ್ಟಿನದು: 135.
- ಚಪಾತಿ, 30 ಗ್ರಾಂ ಹಿಟ್ಟಿನದು: 100. ಒಂದು ಸಣ್ಣ ಚಮಚ ಎಣ್ಣೆ ಸವರಿದರೆ 140.
- ಮನೆಯ ಇಡ್ಲಿ ಒಂದು, 45 ಗ್ರಾಂ: 60-65.
- ಮೊಟ್ಟೆ ಒಂದು: 70-75.
- ಮೊಸರು 100 ಗ್ರಾಂ: 60.
- ತುಪ್ಪ ಅಥವಾ ಎಣ್ಣೆ, 5 ಮಿ.ಲೀ.: 40-45.

ಸಿರಿಧಾನ್ಯದ ಹೆಸರಿನಲ್ಲೂ ಮೋಸಹೋಗಬೇಡಿ. ನವಣೆ, ಸಾಮೆ, ಊದಲು ಎಲ್ಲವೂ ಹಸಿಯಾಗಿ 100 ಗ್ರಾಂಗೆ ಸುಮಾರು 330-350 ಕ್ಯಾಲರಿ, ಅಕ್ಕಿಯಷ್ಟೇ. ನಾರು ಹೆಚ್ಚಿರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ, ಆ ಲಾಭ ನಿಜ. ನವಣೆ ಬಿಸಿಬೇಳೆಬಾತ್ ಎಂದು ಎರಡು ತಟ್ಟೆ ತಿಂದರೆ ಆ ಲಾಭ ಹೋಯಿತು.

ಇದನ್ನು ಜೀವಮಾನವಿಡೀ ತೂಗುತ್ತ ಕೂರಬೇಕಿಲ್ಲ. ಆರೆಂಟು ವಾರ ತೂಗಿದರೆ ನಿಮ್ಮ ಮನೆಯ ಇಪ್ಪತ್ತು ಅಡುಗೆಗಳ ಅಂಕಿ ನೋಟ್‌ಬುಕ್‌ನಲ್ಲಿರುತ್ತದೆ, ಕಣ್ಣೂ ಪಳಗಿರುತ್ತದೆ.

## ಹಂತ 5: ಎಲ್ಲಿ ಕಡಿಯಬೇಕು, ಎಲ್ಲಿ ಕಡಿಯಬಾರದು

ಕಡಿಯುವ ಕ್ರಮ ಇದು: ಮೊದಲು ಕುಡಿಯುವ ಕ್ಯಾಲರಿ, ಆಮೇಲೆ ಕರಿದದ್ದು, ಎಣ್ಣೆ ಮತ್ತು ಕಾಯಿ, ಆಮೇಲೆ ಅನ್ನ, ಮುದ್ದೆ, ರೊಟ್ಟಿಯ ಪ್ರಮಾಣ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು, ತರಕಾರಿಯನ್ನು ಕಡಿಯಬೇಡಿ.

ಕುಡಿಯುವ ಕ್ಯಾಲರಿಯಲ್ಲಿ ಮದ್ಯವೂ ಸೇರಿದೆ. ಒಂದು ಗ್ರಾಂ ಆಲ್ಕೋಹಾಲ್‌ಗೆ 7 ಕ್ಯಾಲರಿ. 180 ಮಿ.ಲೀ. ವಿಸ್ಕಿ ಎಂದರೆ 400 ದಾಟುತ್ತದೆ, ದಿನದ ಕೊರತೆ ಪೂರ್ತಿ ಅಲ್ಲೇ ಮುಗಿಯಿತು. ಜೊತೆಗಿನ ಚಿಪ್ಸು, ಕಡಲೆಬೀಜ ಬೇರೆ.

ಪ್ರೋಟೀನ್ ನಮ್ಮ ಸಸ್ಯಾಹಾರಿ ಊಟದ ದುರ್ಬಲ ಜಾಗ. ನೀವು ತಲುಪಬೇಕಾದ ತೂಕದ ಪ್ರತಿ ಕಿಲೋಗೆ ಕನಿಷ್ಠ 1 ಗ್ರಾಂ ಲೆಕ್ಕ ಇಟ್ಟುಕೊಳ್ಳಿ. 60 ಕಿಲೋ ಗುರಿಯಾದರೆ ದಿನಕ್ಕೆ 60 ಗ್ರಾಂ. ತೊಗರಿಬೇಳೆ 40 ಗ್ರಾಂನಿಂದ 9, ಹೆಸರುಕಾಳು ಅಥವಾ ಹುರುಳಿ 50 ಗ್ರಾಂನಿಂದ 11-12, ಮೊಸರು 300 ಗ್ರಾಂನಿಂದ 9, ಹಾಲು 200 ಮಿ.ಲೀ.ನಿಂದ 6, ಒಣ ಸೋಯಾ ತುಂಡು 25 ಗ್ರಾಂನಿಂದ 13 ಗ್ರಾಂ ಸಿಗುತ್ತದೆ. ಉಳಿದದ್ದು ರಾಗಿ, ಗೋಧಿ, ಅಕ್ಕಿಯಿಂದ ಬರುತ್ತದೆ. ಸಾರಿನ ತಿಳಿ ಬಸಿದು ತಿನ್ನುವವರಿಗೆ ಈ ಲೆಕ್ಕ ಸಿಗುವುದಿಲ್ಲ, ಕಾಳು ತಟ್ಟೆಗೆ ಬರಬೇಕು.

1,450ರ ಒಂದು ದಿನ ಹೀಗಿರಬಹುದು. ಬೆಳಗ್ಗೆ ಸಕ್ಕರೆ ಇಲ್ಲದ ಕಾಫಿ (60). ತಿಂಡಿಗೆ 3 ಇಡ್ಲಿ, 200 ಗ್ರಾಂ ಸಾಂಬಾರ್ (310). ಮಧ್ಯಾಹ್ನ 70 ಗ್ರಾಂ ಹಿಟ್ಟಿನ ಮುದ್ದೆ, 250 ಗ್ರಾಂ ಮೊಳಕೆ ಕಾಳಿನ ಸಾರು, ತರಕಾರಿ ಪಲ್ಯ, 150 ಗ್ರಾಂ ಮೊಸರು (570). ಸಂಜೆ ಕಾಫಿ, ಒಂದು ಏಲಕ್ಕಿ ಬಾಳೆಹಣ್ಣು (115). ರಾತ್ರಿ 60 ಗ್ರಾಂ ಅಕ್ಕಿಯ ಅನ್ನ, ಹುಳಿ, ಸೋಯಾ ಪಲ್ಯ, ಮಜ್ಜಿಗೆ (400).

ಸಂಜೆಯ ಹಸಿವೇ ಹೆಚ್ಚಿನವರನ್ನು ಕೆಡಿಸುವುದು. ಮಧ್ಯಾಹ್ನ ಸಾಲಾಡ್ ಮಾತ್ರ ತಿಂದು ಧೈರ್ಯ ತೋರಿದವರು ಐದು ಗಂಟೆಗೆ ಬೋಂಡಾದಂಗಡಿ ಮುಂದೆ ನಿಂತಿರುತ್ತಾರೆ. ಮಧ್ಯಾಹ್ನದ ಊಟದಲ್ಲಿ ಕಾಳು, ಮೊಸರು ಗಟ್ಟಿಯಾಗಿ ಇರಲಿ.

## ಹಂತ 6: ನಡಿಗೆ, ಆಮೇಲೆ ಬಲದ ವ್ಯಾಯಾಮ

ಕ್ಯಾಲರಿ ಲೆಕ್ಕ ಅಭ್ಯಾಸವಾದ ಮೇಲೆ ವ್ಯಾಯಾಮವನ್ನು ಸೇರಿಸಿ. ಮೊದಲೇ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಬೇಡಿ.

ಲೆಕ್ಕ ನೋಡಿ: 70 ಕಿಲೋದವರು ಗಂಟೆಗೆ 5 ಕಿ.ಮೀ. ವೇಗದಲ್ಲಿ ಅರ್ಧ ಗಂಟೆ ನಡೆದರೆ ಸುಮಾರು 120 ಕ್ಯಾಲರಿ ಖರ್ಚು. ಪಾರ್ಕಿನಿಂದ ಹೊರಬಂದು ದರ್ಶಿನಿಯಲ್ಲಿ ಒಂದು ಉದ್ದಿನ ವಡೆ, ಒಂದು ಸಕ್ಕರೆ ಹಾಕಿದ ಕಾಫಿ ತೆಗೆದುಕೊಂಡರೆ 240 ಒಳಗೆ ಬಂತು. ನಡೆದದ್ದಕ್ಕೆ ಬಹುಮಾನ ಕೊಟ್ಟುಕೊಳ್ಳುವ ಈ ಅಭ್ಯಾಸ ವಾಕಿಂಗ್ ಮಾಡುವವರ ತೂಕ ಇಳಿಯದಿರುವುದಕ್ಕೆ ದೊಡ್ಡ ಕಾರಣ. ಕೈಗಡಿಯಾರ ತೋರಿಸುವ ಖರ್ಚನ್ನು ಊಟಕ್ಕೆ ಮರಳಿ ಸೇರಿಸಬೇಡಿ, ಅದು ಹೆಚ್ಚಾಗಿ ತೋರಿಸುವುದೇ ಜಾಸ್ತಿ.

ನಡಿಗೆ. ಮೊದಲ ವಾರ ದಿನಕ್ಕೆ 15 ನಿಮಿಷ, ಪ್ರತಿ ವಾರ 5 ನಿಮಿಷ ಹೆಚ್ಚಿಸುತ್ತ 40ಕ್ಕೆ ತನ್ನಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ವಾರಕ್ಕೆ 150ರಿಂದ 300 ನಿಮಿಷ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. ಒಟ್ಟಿಗೆ ಸಮಯ ಸಿಗದಿದ್ದರೆ ಊಟದ ನಂತರ ಹತ್ತತ್ತು ನಿಮಿಷ ಮೂರು ಸಲ ನಡೆಯಿರಿ. ಊಟವಾದ ಮೇಲಿನ ನಡಿಗೆ ರಕ್ತದ ಸಕ್ಕರೆ ಏರುವುದನ್ನೂ ತಗ್ಗಿಸುತ್ತದೆ. ಚಪ್ಪಲಿಯಲ್ಲಿ ನಡೆದು ಹಿಮ್ಮಡಿ ನೋವು ತರಿಸಿಕೊಳ್ಳಬೇಡಿ.

ಬಲದ ವ್ಯಾಯಾಮ. ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಡುವು. ಇದನ್ನು ಬಿಟ್ಟವರ ತೂಕ ಇಳಿದರೂ ಸ್ನಾಯು ಕರಗಿ ದೇಹ ಜೋಲುತ್ತದೆ. ಮನೆಯಲ್ಲೇ ಸಾಕು:

1. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 10 ಸಲ.
2. ಗೋಡೆಗೆ ಕೈಯೂರಿ ದಂಡ, 10 ಸಲ. ಸಲೀಸಾದ ಮೇಲೆ ಅಡುಗೆಕಟ್ಟೆಗೆ, ಆಮೇಲೆ ನೆಲಕ್ಕೆ.
3. ಅಂಗಾತ ಮಲಗಿ ಮೊಣಕಾಲು ಮಡಿಸಿ ಸೊಂಟ ಎತ್ತುವುದು, 12 ಸಲ.
4. ಬೆನ್ನು ನೇರ ಇಟ್ಟು ಸೊಂಟದಿಂದ ಬಾಗಿ, 3-5 ಕಿಲೋ ಅಕ್ಕಿಯ ಚೀಲವನ್ನು ಪಕ್ಕೆಗೆ ಎಳೆಯುವುದು, ಪ್ರತಿ ಕೈಗೆ 10 ಸಲ.
5. ಮೊಣಕೈ ಮೇಲೆ ದೇಹ ನೇರವಾಗಿ ಹಿಡಿಯುವುದು, 15 ಸೆಕೆಂಡಿನಿಂದ ಶುರು.

ಈ ಸುತ್ತನ್ನು ಎರಡು ಸಲ ಮಾಡಿ, ತಿಂಗಳ ನಂತರ ಮೂರು ಸಲ. ಎತ್ತುವಾಗ ಉಸಿರು ಬಿಡಿ, ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಏರುತ್ತದೆ. ಕೊನೆಯ ಎರಡು ಸಲ ಕಷ್ಟವಾಗಬೇಕು. ಆಗದಿದ್ದರೆ ಭಾರ ಹೆಚ್ಚಿಸುವ ಕಾಲ ಬಂತು. ಸ್ನಾಯು ನೋವು ಎರಡು ದಿನ ಇದ್ದು ಹೋಗುವುದು ಸಹಜ. ಕೀಲಿನಲ್ಲಿ ಚುಚ್ಚಿದಂತಾದರೆ, ಊದಿಕೊಂಡರೆ ಆ ವ್ಯಾಯಾಮ ನಿಲ್ಲಿಸಿ.

ಹೊಟ್ಟೆ ಕರಗಿಸಲು ನೂರು ಸಲ ಎದ್ದು ಮಲಗುವುದು ವ್ಯರ್ಥ. ಯಾವ ಜಾಗದ ಸ್ನಾಯು ದುಡಿಯಿತೋ ಅಲ್ಲಿಯದೇ ಕೊಬ್ಬು ಕರಗುವುದಿಲ್ಲ.

## ಹಂತ 7: ತೂಕ ನೋಡುವ ರೀತಿ

ಬೆಳಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮುಂಚೆ, ಅದೇ ಯಂತ್ರದಲ್ಲಿ, ಗಟ್ಟಿ ನೆಲದ ಮೇಲೆ ನೋಡಿ. ಒಂದೊಂದು ದಿನದ ಅಂಕಿಗೆ ಅರ್ಥವಿಲ್ಲ. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಉಪ್ಪಿನಕಾಯಿ, ಹಪ್ಪಳ ತಿಂದ ಮರುದಿನ, ರಾತ್ರಿ ಬಸ್ ಪ್ರಯಾಣದ ಮರುದಿನ, ಮಲಬದ್ಧತೆ ಇದ್ದಾಗ ಒಂದು ಕಿಲೋ ಏರುವುದು ನೀರು ಮತ್ತು ಹೊಟ್ಟೆಯ ಭಾರ. ಮುಟ್ಟಿನ ಮುಂಚಿನ ವಾರವೂ ಹಾಗೆಯೇ. ಹೆಂಗಸರು ಈ ಮುಟ್ಟಿನ ಚಕ್ರದ ಎರಡನೇ ವಾರವನ್ನು ಹಿಂದಿನ ಚಕ್ರದ ಎರಡನೇ ವಾರಕ್ಕೇ ಹೋಲಿಸಬೇಕು.

ಮೊದಲ ವಾರ ಒಂದೆರಡು ಕಿಲೋ ಜರ್ರನೆ ಇಳಿದರೆ ಕುಣಿಯಬೇಡಿ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಖರ್ಚಾದಾಗ ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ. ಎರಡನೇ ವಾರ ಅದೇ ವೇಗ ಬರಲಿಲ್ಲವೆಂದು ಊಟವನ್ನು ಇನ್ನಷ್ಟು ಕಡಿಯುವವರು ಅಲ್ಲೇ ಎಡವುತ್ತಾರೆ. ಸೊಂಟದ ಸುತ್ತಳತೆಯನ್ನು ಎರಡು ವಾರಕ್ಕೊಮ್ಮೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ನೋಡಿ.

## ಹಂತ 8: ಮುಳ್ಳು ನಿಂತರೆ

ಮೂರು ವಾರದ ಸರಾಸರಿ ಅಲುಗದಿದ್ದರೆ ಮಾತ್ರ ನಿಂತಿದೆ ಎನ್ನಬೇಕು. ಆಗಲೂ ಊಟ ಕಡಿಯುವ ಮುಂಚೆ ಐದು ದಿನ ಮತ್ತೆ ಪ್ರತಿಯೊಂದನ್ನೂ ತೂಗಿ ಬರೆಯಿರಿ. ಕಣ್ಣಳತೆಗೆ ಜಾರಿರುತ್ತೀರಿ, ಹೆಚ್ಚಾಗಿ ಎಣ್ಣೆ, ಕಾಯಿ ಚಟ್ನಿ, ಬೀಜಗಳಲ್ಲಿ. ವಾರದ ಐದು ದಿನ 400 ಉಳಿಸಿ ಶನಿವಾರ, ಭಾನುವಾರ ತಲಾ 1,000 ಹೆಚ್ಚು ತಿಂದರೆ ವಾರದ ಕೊರತೆ ಸೊನ್ನೆ. ಲೆಕ್ಕ ಸರಿಯಿದ್ದರೆ, 5 ಕಿಲೋ ಇಳಿದಿದ್ದರೆ, ಹಂತ 3ರ ಸೂತ್ರವನ್ನು ಹೊಸ ತೂಕಕ್ಕೆ ಹಾಕಿ. ಹಗುರಾದ ದೇಹದ ಖರ್ಚೂ ಕಡಿಮೆ. ಅದೂ ಆದ ಮೇಲೆ ದಿನಕ್ಕೆ 100 ಕ್ಯಾಲರಿ ಕಡಿಮೆ ಮಾಡಿ ಅಥವಾ 15 ನಿಮಿಷ ನಡಿಗೆ ಸೇರಿಸಿ, ಎರಡರಲ್ಲಿ ಒಂದು.

ಎಲ್ಲವೂ ಸರಿಯಿದ್ದು ತೂಕ ಏರುತ್ತಲೇ ಇದ್ದರೆ, ಜೊತೆಗೆ ಚಳಿ ತಡೆಯದಿರುವುದು, ಮಲಬದ್ಧತೆ, ಮುಖ ಊದಿಕೊಳ್ಳುವುದು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ಟೆರಾಯ್ಡ್ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳೂ ತೂಕ ಏರಿಸುತ್ತವೆ. ಅವನ್ನು ನೀವಾಗಿ ನಿಲ್ಲಿಸಬೇಡಿ.

## ಹಬ್ಬ ಮತ್ತು ಹೊರಗಿನ ಊಟ

ಹೋಟೆಲಿನಲ್ಲಿ ತಕ್ಕಡಿ ತೆಗೆಯಲಾಗದು, ಅಂದಾಜೇ ಗತಿ. ಕೇಸರಿಬಾತ್ 100 ಗ್ರಾಂಗೆ 300ರ ಹತ್ತಿರ. ಮಸಾಲೆ ದೋಸೆ 350-450. ಬೆಣ್ಣೆ ದೋಸೆಯಾದರೆ ಬೆಣ್ಣೆಯ ಮುದ್ದೆ ನೋಡಿ ಅದರ ಮೇಲೆ ಹಾಕಿಕೊಳ್ಳಿ. ಆ ಹೊತ್ತಿನ ಪಾಲಿಗೆ 200 ಹೆಚ್ಚುವರಿ ಬರೆದುಕೊಂಡರೆ ಸಾಮಾನ್ಯವಾಗಿ ತಪ್ಪಾಗುವುದಿಲ್ಲ.

ಯುಗಾದಿಗೆ ಒಬ್ಬಟ್ಟು ತಿನ್ನಿ. ತುಪ್ಪದ ಲೆಕ್ಕ ಹೊರತುಪಡಿಸಿ ಒಂದಕ್ಕೆ 200-250 ಎಂದು ಬರೆದು, ಆ ಹೊತ್ತಿನ ಅನ್ನದಲ್ಲಿ ಕಡಿಮೆ ಮಾಡಿ. ಹಬ್ಬ ಒಂದು ದಿನದ್ದು. ತೊಂದರೆ ಮಾಡುವುದು ಮರುದಿನದಿಂದ ಡಬ್ಬಿಯಲ್ಲಿ ಉಳಿದ ಹತ್ತು ಒಬ್ಬಟ್ಟು. ಅದನ್ನು ಅಂದೇ ಹಂಚಿಬಿಡಿ. ಹೆಚ್ಚು ತಿಂದ ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ, ಅದು ಇನ್ನೊಂದು ಅತಿಭೋಜನಕ್ಕೆ ದಾರಿ. ಎಂದಿನ ಲೆಕ್ಕಕ್ಕೆ ಮರಳಿ, ಅಷ್ಟೇ.

## ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕಾದ ಸೂಚನೆಗಳು

ನಡೆಯುವಾಗ ಎದೆ ಹಿಂಡಿದಂತಾಗುವುದು, ನೋವು ಎಡಗೈ ಅಥವಾ ದವಡೆಗೆ ಹರಿಯುವುದು, ಎಂದೂ ಇಲ್ಲದ ಏದುಸಿರು, ತಲೆಸುತ್ತಿ ಬೀಳುವುದು ಕಂಡರೆ ನಾಳೆಗೆ ಮುಂದೂಡಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ಮೊದಲ ಎರಡು ವಾರದ ನಂತರವೂ ವಾರಕ್ಕೆ 1 ಕಿಲೋಗಿಂತ ಹೆಚ್ಚು ಇಳಿಯುತ್ತಿದ್ದರೆ ಕ್ಯಾಲರಿ ಹೆಚ್ಚಿಸಿ. ಅತಿ ವೇಗದ ಇಳಿಕೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಿಸುತ್ತದೆ. ಊಟದ ನಂತರ ಬಲ ಪಕ್ಕೆಯ ಕೆಳಗೆ ಹಿಡಿದುಕೊಳ್ಳುವ ನೋವು ಅದರ ಸೂಚನೆ. ಎರಡು-ಮೂರು ತಿಂಗಳು ಮುಟ್ಟು ನಿಲ್ಲುವುದು, ಕೂದಲು ಗೊಂಚಲಾಗಿ ಉದುರುವುದು, ಸದಾ ಚಳಿ ಇವು ಕಡಿತ ಅತಿಯಾಗಿರುವ ಲಕ್ಷಣ. ಏನೂ ಮಾಡದೆ ತೂಕ ತಾನಾಗಿ ಇಳಿಯುತ್ತಿದ್ದು, ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಅದು ಸಾಧನೆಯಲ್ಲ, ರಕ್ತದ ಸಕ್ಕರೆ ಪರೀಕ್ಷಿಸಿ.

ಊಟದ ತಟ್ಟೆ ಮುಂದೆ ಕೂತಾಗ ಭಯವಾಗುವುದು, ಯಾರಿಗೂ ಕಾಣದಂತೆ ಗಬಗಬನೆ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವುದು ಶುರುವಾದರೆ ತಕ್ಕಡಿಯನ್ನು ಒಳಗಿಟ್ಟು ಮನೆಯವರಿಗೆ ಹೇಳಿ, ವೈದ್ಯರನ್ನು ನೋಡಿ.

## ಹಂತ 9: ಗುರಿ ಮುಟ್ಟಿದ ಮೇಲೆ

ಒಂದೇ ದಿನ ಹಳೆಯ ಊಟಕ್ಕೆ ಮರಳಬೇಡಿ. ವಾರಕ್ಕೆ 100 ಕ್ಯಾಲರಿಯಂತೆ ಹೆಚ್ಚಿಸುತ್ತ, ಸರಾಸರಿ ತೂಕ ಸ್ಥಿರವಾದಲ್ಲಿ ನಿಲ್ಲಿಸಿ. ಹೆಚ್ಚಿಸುವುದನ್ನು ಕಾಳು, ಹಣ್ಣು, ಅನ್ನ, ಮುದ್ದೆಯಲ್ಲಿ ಹೆಚ್ಚಿಸಿ, ಸಕ್ಕರೆಯಲ್ಲಲ್ಲ. ದಿನಾ ಬರೆಯುವುದನ್ನು ಇಲ್ಲಿ ನಿಲ್ಲಿಸಬಹುದು. ವಾರಕ್ಕೆ ಎರಡು ದಿನ ತೂಕ, ತಿಂಗಳಿಗೊಮ್ಮೆ ಎಣ್ಣೆ ಮತ್ತು ಸಕ್ಕರೆಯ ಪಡಿ ಲೆಕ್ಕ ಮುಂದುವರಿಯಲಿ. ಸರಾಸರಿ 2 ಕಿಲೋ ಏರಿದ ದಿನ ನೋಟ್‌ಬುಕ್ ಮತ್ತೆ ತೆಗೆದು ಹಂತ 1ರ ಏಳು ದಿನ ಬರೆಯಿರಿ.